ಜಿಲ್ಲಾ ಫುಟ್‌ಬಾಲ್ ಲೀಗ್, ಕಪ್: ವಿಶಲ್ ಊದುವ ಮುನ್ನ ಆಗಬೇಕಾದ ಕೆಲಸ

ಜಿಲ್ಲಾ ಲೀಗ್‌ಗಳಲ್ಲಿ ಜಗಳ ಹತ್ತಿಕೊಳ್ಳುವುದು ಹೆಚ್ಚಾಗಿ ಮೂರು ಸಂದರ್ಭಗಳಲ್ಲಿ: ಒಬ್ಬನೇ ಹುಡುಗ ಎರಡು ಕ್ಲಬ್‌ಗಳಿಗೆ ಸಹಿ ಹಾಕಿದಾಗ, ಎರಡು ತಂಡಗಳ ಪಾಯಿಂಟ್ ಸಮವಾದಾಗ, ಮತ್ತು ಆಟ ಮುಗಿಯುವ ಮೊದಲೇ ಕತ್ತಲಾದಾಗ. ಮೂರಕ್ಕೂ ಉತ್ತರವನ್ನು ಮುಂಚೆಯೇ ಬರೆದು ಕ್ಲಬ್‌ಗಳ ಸಹಿ ಪಡೆದಿದ್ದರೆ ಸಂಘದ ಕಾರ್ಯದರ್ಶಿ ನೆಮ್ಮದಿಯಾಗಿ ಆಟ ನೋಡಬಹುದು.

ಬೆಂಗಳೂರಿನಲ್ಲಿ ಸೂಪರ್, ಎ, ಬಿ, ಸಿ ಎಂದು ಡಿವಿಷನ್‌ಗಳ ಏಣಿಯೇ ಇದೆ. ಇಲ್ಲಿ ಹೇಳುವ ಕ್ರಮ ಎಂಟು–ಹನ್ನೆರಡು ಕ್ಲಬ್ಬು, ಒಂದೇ ಮೈದಾನ ಇರುವ ಜಿಲ್ಲೆಗಳಿಗೆ.

ಮೊದಲು ಹೆಸರು, ಆಮೇಲೆ ಚೀಟಿ

ಜಿಲ್ಲಾ ಸಂಘ ರಾಜ್ಯ ಫುಟ್‌ಬಾಲ್ ಸಂಸ್ಥೆಗೆ, ರಾಜ್ಯ ಸಂಸ್ಥೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೆ ಸೇರಿರುತ್ತದೆ. ಆಟಗಾರರ ನೋಂದಣಿಗೆ ಫೆಡರೇಷನ್ನಿನ ಕೇಂದ್ರೀಕೃತ ಆನ್‌ಲೈನ್ ವ್ಯವಸ್ಥೆ ಇದೆ. ಆದರೂ ಸಂಘದ ಕಚೇರಿಯಲ್ಲಿ ಒಂದು ಕೈಬರಹದ ರಿಜಿಸ್ಟರ್ ಇರಲಿ: ಹೆಸರು, ಹುಟ್ಟಿದ ದಿನಾಂಕ, ಫೋಟೋ, ಕಳೆದ ವರ್ಷ ಆಡಿದ ಕ್ಲಬ್, ಸಹಿ. ಹೆಸರುಗಳನ್ನು ಕ್ಲಬ್‌ವಾರು ಬರೆಯಬೇಡಿ, ಅಕಾರಾದಿಯಾಗಿ ಬರೆಯಿರಿ. ಕ್ಲಬ್‌ವಾರು ಬರೆದರೆ ಎರಡು ಕಡೆ ಸಹಿ ಹಾಕಿದವನು ಸೆಮಿಫೈನಲ್‌ವರೆಗೂ ಕಣ್ಣಿಗೆ ಬೀಳುವುದಿಲ್ಲ. ಅಂಥವನ ಮೊದಲ ಸಹಿಗೆ ಬೆಲೆಯೋ, ಹಳೆಯ ಕ್ಲಬ್ಬಿನಿಂದ ಬಿಡುಗಡೆ ಪತ್ರ ತಂದ ಕ್ಲಬ್ಬಿನದಕ್ಕೋ ಎಂಬುದು ನಿಯಮದಲ್ಲಿ ಒಂದೇ ಸಾಲಿನಲ್ಲಿ ಇರಲಿ.

ನೋಂದಣಿಯನ್ನು ಮೊದಲ ಪಂದ್ಯಕ್ಕೆ ಹತ್ತು ದಿನ ಮುಂಚೆ ಮುಚ್ಚಿ. ಪಟ್ಟಿಯನ್ನು ಎಲ್ಲ ಕ್ಲಬ್‌ಗಳಿಗೂ ಕಳಿಸಿ, ಆಕ್ಷೇಪಣೆಗೆ ಮೂರು ದಿನ ಕೊಡಿ. ಎದುರಾಳಿ ಕ್ಲಬ್‌ನವರಷ್ಟು ಚೆನ್ನಾಗಿ ಪಟ್ಟಿ ಪರಿಶೀಲಿಸುವವರು ಬೇರೆ ಯಾರೂ ಇಲ್ಲ.

ಲೀಗ್‌ನ ಲೆಕ್ಕ

ಎಂಟು ತಂಡಗಳು ಪರಸ್ಪರ ಒಂದೊಂದು ಸಲ ಆಡಿದರೆ 28 ಪಂದ್ಯ, 7 ಸುತ್ತು. ಶನಿವಾರ ಎರಡು, ಭಾನುವಾರ ಎರಡು ಪಂದ್ಯ ಇಟ್ಟರೆ ಏಳು ವಾರ. ಮಳೆಗೋ ಹಬ್ಬಕ್ಕೋ ಇನ್ನೆರಡು ವಾರ ಖಾಲಿ ಇಟ್ಟುಕೊಳ್ಳಿ. ಮಂಗಳೂರಿನ ನೆಹರೂ ಮೈದಾನದಲ್ಲಿ ಮಳೆಗಾಲದಲ್ಲೇ ಸ್ವಾತಂತ್ರ್ಯೋತ್ಸವದ ಕಪ್ ನಡೆಯುತ್ತದೆ ನಿಜ. ಆದರೆ 28 ಪಂದ್ಯಗಳ ಲೀಗನ್ನು ಕರಾವಳಿಯ ಮಳೆಯಲ್ಲಿ ಇಟ್ಟರೆ ಗೋಲಿನ ಮುಂದಿನ ನೆಲ ಉಳಿಯುವುದಿಲ್ಲ. ಲೀಗ್‌ಗೆ ನವೆಂಬರ್‌ನಿಂದ ಫೆಬ್ರುವರಿ ಸರಿ; ಮಾರ್ಚ್‌ಗೆ ಹೋದರೆ ಪರೀಕ್ಷೆ ಅಡ್ಡ ಬರುತ್ತದೆ.

ಫಿಕ್ಸ್ಚರ್, ಅಂದರೆ ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ, ಹಾಕುವುದು ಸುಲಭ. ಚೀಟಿ ಎತ್ತಿ ತಂಡಗಳಿಗೆ 1ರಿಂದ 8 ಸಂಖ್ಯೆ ಕೊಡಿ. ಮೇಲಿನ ಸಾಲಿನಲ್ಲಿ 1, 2, 3, 4. ಅದರ ಕೆಳಗೆ 8, 7, 6, 5. ಮೇಲೆ ಕೆಳಗೆ ಇರುವವರು ಎದುರಾಳಿಗಳು: 1–8, 2–7, 3–6, 4–5. ಮುಂದಿನ ಸುತ್ತಿಗೆ 1ನ್ನು ಅಲ್ಲೇ ಬಿಟ್ಟು ಉಳಿದ ಏಳನ್ನು ಗಡಿಯಾರದ ದಿಕ್ಕಿನಲ್ಲಿ ಒಂದು ಮನೆ ಸರಿಸಿ: 1–7, 8–6, 2–5, 3–4. ಹೀಗೆ ಏಳು ಸಲ. ಏಳೇ ತಂಡಗಳಿದ್ದರೆ 8ರ ಜಾಗದಲ್ಲಿ ‘ಬೈ’ ಎಂದು ಬರೆಯಿರಿ; ಅದರ ಎದುರು ಬಂದ ತಂಡಕ್ಕೆ ಆ ಸುತ್ತಿನಲ್ಲಿ ಆಟವಿಲ್ಲ. ಸುತ್ತು ಏಳೇ, ಪಂದ್ಯ 21.

ಗೆಲುವಿಗೆ 3, ಡ್ರಾಗೆ 1 ಪಾಯಿಂಟ್. ಸಮವಾದರೆ ಮುಂದೇನು? ಗೋಲು ವ್ಯತ್ಯಾಸವನ್ನು (ಹೊಡೆದ ಗೋಲಿನಿಂದ ಬಿಟ್ಟುಕೊಟ್ಟ ಗೋಲು ಕಳೆದದ್ದು) ಮೊದಲು ನೋಡುವ ಪದ್ಧತಿಯೇ ಹೆಚ್ಚು. ಆದರೆ ಮೈದಾನ ಒಂದೇ ಇರುವಾಗ ಕೊನೆಯ ಸುತ್ತಿನ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸಲಾಗದು. ಕೊನೆಗೆ ಆಡುವ ತಂಡಕ್ಕೆ ಎಷ್ಟು ಗೋಲು ಬೇಕೆಂದು ಗೊತ್ತಿರುತ್ತದೆ, ಎದುರಾಳಿಗೆ ಗೆಲ್ಲುವ ಹಂಬಲ ಇಲ್ಲದಿದ್ದರೆ 9–0 ಆಗಿಬಿಡುತ್ತದೆ. ಇಂಥ ಕಡೆ ಆ ಎರಡು ತಂಡಗಳು ಪರಸ್ಪರ ಆಡಿದ ಪಂದ್ಯದ ಫಲಿತಾಂಶವನ್ನು ಮೊದಲು ಇಟ್ಟು, ಗೋಲು ವ್ಯತ್ಯಾಸವನ್ನು ಎರಡನೆಯದಾಗಿ ಇಡುವುದೇ ವಾಸಿ.

ನಡುವೆ ಬಿಟ್ಟುಹೋಗುವ ತಂಡ ಇನ್ನೊಂದು ತಲೆನೋವು. ಅರ್ಧದಷ್ಟು ಪಂದ್ಯ ಆಡುವ ಮೊದಲೇ ಹೋದರೆ ಅದರ ಎಲ್ಲ ಫಲಿತಾಂಶ ಅಳಿಸಿ. ಆಮೇಲೆ ಹೋದರೆ ಆಡಿದ್ದು ಉಳಿಯಲಿ, ಉಳಿದವು 3–0 ವಾಕ್‌ಓವರ್, ಅಂದರೆ ಆಡದೆಯೇ ಎದುರಾಳಿಗೆ ಗೆಲುವು.

ಕಪ್‌ಗೆ ಬೈ ಹಾಕುವ ಕ್ರಮ

ಸೋತವರು ಹೊರಬೀಳುವ ನಾಕೌಟ್‌ನಲ್ಲಿ ತಂಡಗಳ ಸಂಖ್ಯೆಗಿಂತ ಒಂದು ಕಡಿಮೆ ಪಂದ್ಯ. ಹನ್ನೊಂದು ತಂಡಗಳಾದರೆ 10 ಪಂದ್ಯ. 2, 4, 8, 16 ಎಂದು ದುಪ್ಪಟ್ಟಾಗುವ ಸಾಲಿನಲ್ಲಿ ಹನ್ನೊಂದರ ಮುಂದಿನದು 16; ಅದರಿಂದ 11 ಕಳೆದು 5 ಬೈ, ಅಂದರೆ ಐದು ತಂಡಗಳು ಮೊದಲ ಸುತ್ತು ಆಡದೆ ನೇರ ಎರಡನೇ ಸುತ್ತಿಗೆ. ಪಟ್ಟಿಯ ಮೇಲರ್ಧದಲ್ಲಿ 1ರಿಂದ 6, ಕೆಳಗಿನರ್ಧದಲ್ಲಿ 7ರಿಂದ 11. ಮೊದಲ ಬೈ ಕೆಳಗಿನರ್ಧದ ಕೊನೆಯವರಿಗೆ (11), ಎರಡನೆಯದು ಮೇಲರ್ಧದ ಮೊದಲಿಗರಿಗೆ (1), ಆಮೇಲೆ 7, 6, 10. ಉಳಿಯುವ ಪಂದ್ಯಗಳು 2–3, 4–5, 8–9. ಕಳೆದ ವರ್ಷದ ವಿನ್ನರ್ಸ್, ರನ್ನರ್ಸ್ ತಂಡಗಳನ್ನು 1 ಮತ್ತು 11ರಲ್ಲಿ ಕೂರಿಸಿ, ಮಿಕ್ಕವರಿಗೆ ಎಲ್ಲರ ಮುಂದೆ ಚೀಟಿ ಎತ್ತಿ. ಬೈ ಯಾರಿಗೆ ಎಂದು ಸಮಿತಿ ಒಳಗೆ ಕೂತು ನಿರ್ಧರಿಸಿತೆಂಬ ಗುಮಾನಿ ಹುಟ್ಟಿದರೆ ಕಪ್ ಮುಗಿಯುವ ತನಕ ಅದು ಹೋಗುವುದಿಲ್ಲ.

ಸಮಯವನ್ನು ಸೂರ್ಯನನ್ನು ನೋಡಿ ಇಡಬೇಕು. ಡಿಸೆಂಬರ್‌ನಲ್ಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ. 45 ನಿಮಿಷದ ಎರಡು ಅರ್ಧದ ಪಂದ್ಯಕ್ಕೆ ವಿರಾಮ, ಗಾಯ ಎಲ್ಲ ಸೇರಿ ಹತ್ತಿರ ಹತ್ತಿರ 1 ಗಂಟೆ 50 ನಿಮಿಷ ಬೇಕು. 2 ಗಂಟೆಗೆ ಒಂದು, 4 ಗಂಟೆಗೆ ಇನ್ನೊಂದು ಇಟ್ಟರೆ ಸಮವಾದಾಗ ಆಡಿಸುವ ಹೆಚ್ಚುವರಿ 30 ನಿಮಿಷಕ್ಕೆ ಬೆಳಕು ಸಾಲುವುದಿಲ್ಲ. ಹಾಗಾಗಿ ಫೈನಲ್ ಬಿಟ್ಟು ಉಳಿದ ಪಂದ್ಯ ಸಮವಾದರೆ ನೇರವಾಗಿ ಪೆನಾಲ್ಟಿ ಎಂದು ಬರೆಯಿರಿ. ಫೈನಲ್ ದಿನ ಬೇರೆ ಪಂದ್ಯ ಬೇಡ, ಗಣ್ಯರ ಭಾಷಣ ಆಟದ ನಂತರ ಇರಲಿ. ಮುಂಚೆ ಇಟ್ಟರೆ ಕತ್ತಲಿಗೆ ಕಾರಣ ಆಟಗಾರರಲ್ಲ.

ಗೆರೆ ಮತ್ತು ಗೋಲು

100 ಮೀಟರ್ ಉದ್ದ, 64 ಅಗಲ ಒಳ್ಳೆಯ ಅಳತೆ. ನಾಲ್ಕು ಮೂಲೆಗೆ ಗೂಟ ಹೊಡೆದು ಎರಡೂ ಕರ್ಣಗಳನ್ನು ಅಳೆಯಿರಿ: ಎರಡೂ 118.7 ಮೀಟರ್ ಬಂದರೆ ಮೂಲೆಗಳು ಸರಿ. ಬರೀ ಬದಿ ಅಳೆದು ಬಿಟ್ಟರೆ ಮೈದಾನ ಓರೆಯಾಗಿ, ಪೆನಾಲ್ಟಿ ಜಾಗವೂ ಓರೆಯಾಗುತ್ತದೆ. ಗೋಲಿನ ಒಳ ಅಳತೆ 7.32 ಮತ್ತು 2.44 ಮೀಟರ್. ಕಂಬದ ಒಳ ಅಂಚಿನಿಂದ ಎರಡೂ ಕಡೆ 16.5 ಮೀಟರ್ ಸರಿದರೆ ಪೆನಾಲ್ಟಿ ಏರಿಯಾ, ಅಂದರೆ ಒಟ್ಟು ಅಗಲ 40.32. ಪೆನಾಲ್ಟಿ ಚುಕ್ಕೆ 11 ಮೀಟರ್‌ಗೆ, ಮಧ್ಯದ ವೃತ್ತಕ್ಕೆ 9.15 ಮೀಟರ್ ಹಗ್ಗ. ಗೆರೆ 12 ಸೆಂಟಿಮೀಟರ್‌ಗಿಂತ ದಪ್ಪ ಬೇಡ.

ಸುಣ್ಣ ಅಗ್ಗವೆಂದು ಸುರಿಯುವುದು ತಪ್ಪು. ಒದ್ದೆಯಾದಾಗ ಅದು ಚರ್ಮ, ಕಣ್ಣು ಸುಡುತ್ತದೆ. ಚಾಕ್ ಪುಡಿ ಅಥವಾ ನೀರಿನ ಬಣ್ಣ ಬಳಸಿ. ಎತ್ತಿಡುವ ಗೋಲುಕಂಬವಾದರೆ ಹಿಂದಿನ ಸರಳನ್ನು ನೆಲಕ್ಕೆ ಬಿಗಿಯಲೇಬೇಕು, ಇಲ್ಲವೇ ಮರಳುಚೀಲ ಹೇರಬೇಕು. ಮೇಲಿನ ಅಡ್ಡಪಟ್ಟಿಗೆ ಜೋತುಬೀಳುವ ಮಕ್ಕಳ ಮೇಲೆ ಅದು ಮಗುಚಿದರೆ ಜೀವಕ್ಕೇ ಅಪಾಯ.

ಪಂದ್ಯದ ದಿನ

ಆಟಕ್ಕೆ ಅರ್ಧ ಗಂಟೆ ಮುಂಚೆ ಎರಡೂ ತಂಡಗಳ ಪಟ್ಟಿ ರೆಫರಿ ಕೈಗೆ ಬರಬೇಕು, ಬದಲಿ ಆಟಗಾರರ ಹೆಸರೂ ಸೇರಿ. ಏಳಕ್ಕಿಂತ ಕಡಿಮೆ ಜನರಿದ್ದರೆ ಪಂದ್ಯ ಆರಂಭಿಸುವಂತಿಲ್ಲ. 15 ನಿಮಿಷ ಕಾದು ವಾಕ್‌ಓವರ್ ಕೊಡಿ. ಐದನೇ ಸೈಜಿನ ಚೆಂಡು 410ರಿಂದ 450 ಗ್ರಾಂ ಇರಬೇಕು. ಮೂರು ಚೆಂಡು ಕೈಲಿರಲಿ, ಬೇಲಿಯಾಚೆ ಹೋದದ್ದನ್ನು ಹುಡುಕುವಷ್ಟರಲ್ಲಿ ಆಟದ ಬಿಸಿ ಆರುತ್ತದೆ. ಎರಡು ಪಂದ್ಯವಿದ್ದರೆ ರೆಫರಿ, ಇಬ್ಬರು ಲೈನ್ಸ್‌ಮನ್‌ಗಳ ಎರಡು ಗುಂಪು ಬೇಕು. ಮೂವರನ್ನೇ ದುಡಿಸಿದರೆ ಎರಡನೇ ಪಂದ್ಯದ ಆಫ್‌ಸೈಡ್‌ಗಳು ತಪ್ಪುತ್ತವೆ.

ಹಳದಿ ಕಾರ್ಡ್‌ಗಳನ್ನು ಅದೇ ಸಂಜೆ ರಿಜಿಸ್ಟರ್‌ಗೆ ಏರಿಸಿ, ಮುಂದಿನ ಪಂದ್ಯಕ್ಕೆ ನಿಷೇಧಿತರ ಹೆಸರನ್ನು ಎರಡೂ ಕ್ಲಬ್‌ಗಳಿಗೆ ತಿಳಿಸಿ. ಕಾರ್ಡ್ ಲೆಕ್ಕ ಇಡುವುದು ಕ್ಲಬ್‌ನ ಹೊಣೆ ಎಂದು ಕೈತೊಳೆದುಕೊಂಡರೆ ಪ್ರೊಟೆಸ್ಟ್ (ಫಲಿತಾಂಶದ ವಿರುದ್ಧದ ದೂರು) ಬರುವುದು ಸಂಘಕ್ಕೇ.

ಪ್ರೊಟೆಸ್ಟ್ ಲಿಖಿತವಾಗಿರಬೇಕು, ಪಂದ್ಯ ಮುಗಿದು ಎರಡು ಗಂಟೆಯೊಳಗೆ ಶುಲ್ಕದ ಜೊತೆ ಬರಬೇಕು. ಗೆದ್ದರೆ ಶುಲ್ಕ ವಾಪಸ್. ಗೋಲೋ ಅಲ್ಲವೋ, ಪೆನಾಲ್ಟಿಯೋ ಅಲ್ಲವೋ ಎಂಬ ಬಗ್ಗೆ ಪ್ರೊಟೆಸ್ಟ್ ಸ್ವೀಕರಿಸಲೇಬೇಡಿ, ಆಟದ ಸಂಗತಿಗಳಲ್ಲಿ ರೆಫರಿಯ ಮಾತೇ ಕೊನೆ. ಆಟಗಾರನ ಅರ್ಹತೆ, ನಿಷೇಧ, ವಯಸ್ಸು ಇವುಗಳ ಬಗ್ಗೆ ಮಾತ್ರ ವಿಚಾರಣೆ. ಕೇಳುವ ಮೂವರಲ್ಲಿ ಆ ಎರಡು ಕ್ಲಬ್‌ಗಳ ಪದಾಧಿಕಾರಿಗಳು ಇರಕೂಡದು, ಮತ್ತು ತೀರ್ಪು ಮುಂದಿನ ಸುತ್ತಿನ ಹಿಂದಿನ ರಾತ್ರಿಯೊಳಗೆ ಬರಬೇಕು.