ಹಳೇ ವಾಡೆ, ತೋಟದಲ್ಲಿ ಹಂದರ

ಲಗ್ನಕ್ಕೆ ವಾಡೆ, ಅಂದರೆ ಹಳೇ ಕಾಲದ ದೊಡ್ಡ ಮನೆ, ಕೇಳಲು ಬಂದವರ ಕಣ್ಣು ಮೊದಲು ಹೋಗುವುದು ಪಡಸಾಲೆಯ ಕೆತ್ತನೆ ಕಂಬಗಳ ಮೇಲೆ. ಅಲ್ಲೇ ಅಕ್ಕಿಕಾಳು ಹಾಕಿಸೋಣ ಅನ್ನುತ್ತಾರೆ. ಲಗ್ನದ ಏರ್ಪಾಟು ನೋಡುವ ನಾವು ಒಪ್ಪುವುದಿಲ್ಲ. ಒಂದಡಿ ದಪ್ಪದ ಮಣ್ಣಿನ ಮಾಳಿಗೆ, ಅಂದರೆ ಚಾವಣಿ, ನೆನೆದರೆ ಚದರ ಮೀಟರಿಗೆ ಹತ್ತಿರ ಹತ್ತಿರ 500 ಕಿಲೋ ತೂಗುತ್ತದೆ. ಅದನ್ನು ಹೊತ್ತ ಮರದ ಜಂತಿಗಳಿಗೆ ಅಷ್ಟೇ ಭಾರ ಸಾಕು, ಮೇಲೆ ಜನ ಹತ್ತಬಾರದು. ಪಡಸಾಲೆಯಲ್ಲಿ ಫೋಟೋ ಮಾತ್ರ, ಮಾಳಿಗೆಯ ಮೆಟ್ಟಿಲಿಗೆ ಬೀಗ, ಲಗ್ನ ತೋಟದಲ್ಲಿ.

ಹದಿನೈದು ದಿನ ಮೊದಲೇ ಪ್ರತಿ ಜಂತಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡುತ್ತೇವೆ. ಗೆದ್ದಲು ಹಿಡಿಯುವುದು ಆ ತುದಿಗೇ, ಏಕೆಂದರೆ ಗೋಡೆಯ ತೇವ ಅಲ್ಲಿ ಆರುವುದಿಲ್ಲ. ಟಣ್ ಅಂದರೆ ಸರಿ, ಟೊಳ್ಳು ಸದ್ದು ಬಂದರೆ ಆ ಅಂಕಣಕ್ಕೆ (ಕಂಬಗಳ ನಡುವಿನ ಜಾಗಕ್ಕೆ) ಹಗ್ಗ ಕಟ್ಟಿ ಜನರನ್ನು ಬಿಡುವುದಿಲ್ಲ.

ಅಂಗಳದ ಅಪಾಯ ಕಣ್ಣಿಗೆ ಕಾಣದ್ದು: ಹಗೇವು, ಅಂದರೆ ಕಾಳು ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ಬಾಯಿ ಮುಚ್ಚಿ ಎಷ್ಟೋ ಕಾಲವಾಗಿ, ಇದ್ದದ್ದೇ ಮನೆಯವರಿಗೆ ಮರೆತಿರುತ್ತದೆ. ಜನರೇಟರ್ ಗಾಡಿ ಒಂದು ಟನ್ನಿಗೂ ಮೀರಿ ತೂಗುತ್ತದೆ, ಅದರ ಗಾಲಿ ಇಂಥಲ್ಲೇ ಕುಸಿಯುವುದು. ಗಾಡಿ ಬರುವ ಹಾದಿಯುದ್ದಕ್ಕೂ ಎರಡಡಿಗೊಮ್ಮೆ ಹಾರೆ ಕುಟ್ಟಿ, ಟೊಳ್ಳು ಕೇಳಿಸಿದ ಕಡೆ ಸುಣ್ಣದ ಗೆರೆ ಎಳೆಯಿರಿ.

ಹಂದರಕ್ಕೆ ಕಬ್ಬಿಣದ ಪೈಪು. ಏಪ್ರಿಲ್-ಮೇ ಸಂಜೆ ಗಾಳಿ ಎದ್ದರೆ ಶಾಮಿಯಾನದವರು ಹಗ್ಗವನ್ನು ಸೀದಾ ವಾಡೆಯ ಕಂಬದ ತಲೆಯ ಮೇಲಿನ ಬೋದಿಗೆಗೆ ಬಿಗಿದುಬಿಡುತ್ತಾರೆ, ಬಟ್ಟೆಯ ಎಳೆತಕ್ಕೆ ಬೋದಿಗೆ ಜರುಗುತ್ತದೆ. ಅದಕ್ಕೇ ಹೊರಸಾಲಿನ ಪ್ರತಿ ಕಾಲಿಗೂ ನೀರು ತುಂಬಿದ 200 ಲೀಟರ್ ಡ್ರಮ್ಮು ಕಟ್ಟುತ್ತೇವೆ. ಬಟ್ಟೆಗೆ ಜೀರುಗುಣಿಕೆ ಹಾಕಿಸಿ, ಗಾಳಿ ಬಂದಾಗ ಎಳೆದರೆ ಬಿಚ್ಚಿಕೊಳ್ಳಬೇಕು. ಶಾಮಿಯಾನದವರು ಕೆಲಸ ಮುಗಿಸುವ ತನಕ ನಮ್ಮವರೊಬ್ಬರು ಅಲ್ಲೇ ನಿಂತಿರುತ್ತಾರೆ.

ಚೆಂಡುಹೂವಿಗೆ ಬಿತ್ತಿದ ಮೇಲೆ ಎರಡು ತಿಂಗಳು ಬೇಕು, ಮುಹೂರ್ತದಿಂದ ಹಿಂದಕ್ಕೆ ಎಣಿಸಿ. ಮಲ್ಲಿಗೆಯನ್ನು ಚಳಿಗಾಲದಲ್ಲಿ ಸವರಿದರೆ ಬೇಸಿಗೆಗೆ ಮೊಗ್ಗು. ನೀರು ಐದು ದಿನ ಮೊದಲೇ ನಿಲ್ಲಿಸಬೇಕು. ತೋಟ ಒಣಗಿದಂತೆ ಕಾಣುತ್ತದೆ ಎಂದು ಹಿಂದಿನ ದಿನ ಪೈಪು ಬಿಟ್ಟರೆ, ನಮ್ಮ ಎರೆಮಣ್ಣು ರೇಷ್ಮೆ ಸೀರೆಯ ಅಂಚಿಗೂ ಅಂಟುತ್ತದೆ, ಕಾರಿನ ಗಾಲಿಗೂ. ಗಾಡಿ ನಿಲ್ಲಿಸುವ ಜಾಗಕ್ಕೆ ನಾಲ್ಕು ಇಂಚು ಗರಸು.

ಆಲದ ಮರ, ಅಗಸಿ ಬಾಗಿಲಿನ ಕಮಾನು ಎರಡನ್ನೂ ತಲೆಯೆತ್ತಿ ನೋಡಿ. ಹೆಜ್ಜೇನು ಇದ್ದರೆ ಅಡುಗೆಯ ಒಲೆಯ ಹೊಗೆ ಆ ಕಡೆ ಹೋಗಬಾರದು, ಪಟಾಕಿ ಬೇಡ. ರಾತ್ರಿ ಫೋಕಸ್ ಲೈಟೂ ಅತ್ತ ತಿರುಗಬಾರದು, ಅವು ಬೆಳಕಿಗೆ ಹಾರಿ ಬರುತ್ತವೆ.

800 ಜನಕ್ಕೆ 5,000 ಲೀಟರಿನ ಎರಡು ಟ್ಯಾಂಕರ್ ನೀರು, ಶೌಚಾಲಯಕ್ಕೆ ಬೇರೆ. ಹಂಪಿ ಹತ್ತಿರದ ಆನೆಗೊಂದಿಯಂಥ ಕಡೆ ಶೌಚಾಲಯ ಕಟ್ಟಿಸುವ ಮಾತು ಆಡುವ ಮೊದಲು ಹಂಪಿ ವಿಶ್ವ ಪರಂಪರೆ ಪ್ರದೇಶದ ಪ್ರಾಧಿಕಾರವನ್ನು ಕೇಳಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡವೇ ನಿಷಿದ್ಧ. ನಾವು ಗಾಡಿ ಮೇಲಿನ ಶೌಚಾಲಯಗಳನ್ನು ತರಿಸುತ್ತೇವೆ. ಧ್ವನಿವರ್ಧಕ ರಾತ್ರಿ 10ಕ್ಕೆ ಬಂದ್.

ಸುರಗಿ ನೀರು, ಅಂದರೆ ಎಣ್ಣೆ ಅರಿಶಿನ ಹಚ್ಚಿ ಮದುಮಕ್ಕಳಿಗೆ ಎರೆಯುವ ಶಾಸ್ತ್ರ, ಬಾವಿಕಟ್ಟೆಯ ಹತ್ತಿರವೇ ಆಗಲಿ. ಪಡಸಾಲೆಯ ಗಚ್ಚು, ಅಂದರೆ ಸುಣ್ಣದ ಗಾರೆಯ ನೆಲ, ಎಲ್ಲವನ್ನೂ ಹೀರುತ್ತದೆ. ಅರಿಶಿನ ಬಿಸಿಲಿಗೆ ಮಾಸುತ್ತದೆ, ಎಣ್ಣೆಯ ಕಲೆ ಮಾತ್ರ ಹೋಗುವುದಿಲ್ಲ.