ಮುಸ್ಲಿಂ ದೇಶಕ್ಕೆ ಹೊರಟಿದ್ದೀರಾ? ಬ್ಯಾಗಿಗೆ ಯಾವ ಬಟ್ಟೆ ಹಾಕಬೇಕು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಹೊರದೇಶಕ್ಕೆ ಹೋಗುವ ಹೆಂಗಸರು ಈಗ ಕಡಿಮೆ ಏನಿಲ್ಲ. ಮಗಳ ಬಾಣಂತನಕ್ಕೆ ಅಂತ ದುಬೈಗೆ ಹೋಗುವ ಅಮ್ಮಂದಿರಿದ್ದಾರೆ, ಮದುವೆಯಾದ ಹೊಸತರಲ್ಲಿ ಮಾಲ್ಡೀವ್ಸ್‌ಗೆ ಹೋಗುವವರಿದ್ದಾರೆ, ಗೆಳತಿಯರೆಲ್ಲ ಸೇರಿ ಟರ್ಕಿಗೋ ಮಲೇಷ್ಯಾಕ್ಕೋ ಟಿಕೆಟ್ ಮಾಡಿಸುವವರೂ ಇದ್ದಾರೆ. ಟಿಕೆಟ್ ಆದ ಮೇಲೆ ಎಲ್ಲರೂ ಕೇಳುವುದು ಒಂದೇ: ಅಲ್ಲಿ ಏನು ಹಾಕ್ಕೋಬೇಕು, ಬುರ್ಖಾ ತಗೋಬೇಕಾ?

ಬೇಡ. ನಿಮ್ಮ ಬೀರುವಿನಲ್ಲಿರುವ ಚೂಡಿದಾರಗಳಲ್ಲೇ ಮುಕ್ಕಾಲು ಕೆಲಸ ಆಗುತ್ತದೆ. ಯಾವ ಚೂಡಿದಾರ, ಯಾವ ದೇಶಕ್ಕೆ ಅನ್ನುವುದನ್ನು ಮಾತ್ರ ಸ್ವಲ್ಪ ನೋಡಿ ಆರಿಸಬೇಕು.

ಮೊದಲು ದೇಶದ ವಿಚಾರ. ಮುಸ್ಲಿಂ ದೇಶ ಅಂದ ಕೂಡಲೇ ಎಲ್ಲ ಕಡೆ ಒಂದೇ ನಿಯಮ ಅಂದುಕೊಳ್ಳಬೇಡಿ. ಇಸ್ತಾಂಬುಲ್‌ನಲ್ಲಿ, ಕೌಲಾಲಂಪುರದಲ್ಲಿ ಜೀನ್ಸ್ ಟೀ ಶರ್ಟ್ ಹಾಕಿಕೊಂಡು ಆರಾಮಾಗಿ ಓಡಾಡಬಹುದು, ನಿಮ್ಮ ಪಕ್ಕದಲ್ಲೇ ಸ್ಕಾರ್ಫ್ ಕಟ್ಟಿದವರೂ ಇರುತ್ತಾರೆ, ಕಟ್ಟದವರೂ ಇರುತ್ತಾರೆ. ಸೌದಿ ಅರೇಬಿಯಾ 2019ರಲ್ಲಿ ಪ್ರವಾಸಿ ವೀಸಾ ಕೊಡಲು ಶುರು ಮಾಡಿತು. ಆಗಲೇ, ಹೊರಗಿನಿಂದ ಬಂದ ಹೆಂಗಸರು ಅಬಾಯಾ (ಮೈಪೂರ್ತಿ ಮುಚ್ಚುವ ಸಡಿಲ ನಿಲುವಂಗಿ) ಹಾಕಲೇಬೇಕೆಂದಿಲ್ಲ, ಭುಜ ಮತ್ತು ಮಂಡಿ ಮುಚ್ಚುವ ಸಡಿಲ ಬಟ್ಟೆ ಸಾಕು ಅಂತ ಹೇಳಿತು. ಇರಾನ್ ಬೇರೆ. ಅಲ್ಲಿ 1979ರ ಕ್ರಾಂತಿಯ ನಂತರ ತಲೆ ಮುಚ್ಚುವುದನ್ನು ಕಾನೂನೇ ಮಾಡಿದರು, ಪ್ರವಾಸಿಗರಿಗೂ ಅದು ಅನ್ವಯಿಸುತ್ತದೆ. 2022ರಲ್ಲಿ ಮಹ್ಸಾ ಅಮಿನಿ ಅನ್ನುವ 22 ವರ್ಷದ ಹುಡುಗಿ ಇದೇ ವಿಚಾರಕ್ಕೆ ಪೊಲೀಸರ ವಶದಲ್ಲಿದ್ದಾಗ ತೀರಿಕೊಂಡಳು, ದೇಶವೇ ಬೀದಿಗಿಳಿಯಿತು. ಒತ್ತಾಯ ಮಾಡಿ ಬಟ್ಟೆ ಹಾಕಿಸುವುದು ನನಗೆ ಖಂಡಿತ ಒಪ್ಪಿಗೆ ಇಲ್ಲ. ಆದರೆ ಹೋದ ಮೇಲೆ ಅಲ್ಲಿನ ಕಾನೂನು ಪಾಲಿಸಲೇಬೇಕು, ಅದು ಬೇಡ ಅನ್ನಿಸಿದರೆ ಹೋಗುವ ನಿರ್ಧಾರವನ್ನೇ ಬದಲಾಯಿಸಿ. ಒಂದೇ ದೇಶದೊಳಗೂ ವ್ಯತ್ಯಾಸ ಇರುತ್ತದೆ. ಇಂಡೋನೇಷ್ಯಾದ ಬಾಲಿಯಲ್ಲಿ ಹಿಂದೂಗಳೇ ಜಾಸ್ತಿ, ಅದೇ ದೇಶದ ಅಚೇ (Aceh) ಅನ್ನುವ ಪ್ರಾಂತ್ಯದಲ್ಲಿ ಶರಿಯಾ ಕಾನೂನು ನಡೆಯುತ್ತದೆ.

ಹೆಚ್ಚಿನ ಕಡೆಗೆ ಹೊಂದುವ ಒಂದು ಅಳತೆ ಬೇಕು ಅಂದರೆ ಇಷ್ಟು ನೆನಪಿಡಿ: ಭುಜ ಮುಚ್ಚಿರಲಿ, ಮಂಡಿಗಿಂತ ಕೆಳಗೆ ಬರಲಿ, ಕತ್ತು ಆಳ ಇರದಿರಲಿ, ಮೈಗೆ ಅಂಟದಿರಲಿ, ಒಳಗಿನದ್ದು ಕಾಣದಿರಲಿ. ದುಬೈನ ಮಾಲ್‌ಗಳ ಬಾಗಿಲಲ್ಲೂ ಭುಜ, ಮಂಡಿ ಮುಚ್ಚಿರಲಿ ಅನ್ನುವ ಬೋರ್ಡ್ ನೋಡಬಹುದು. ಶೃಂಗೇರಿಗೆ ಹೊರಟಾಗ ಯಾರೂ ಹೇಳದಿದ್ದರೂ ನಾವು ಎಂಥ ಬಟ್ಟೆ ತೆಗೀತೀವಿ, ಹೆಚ್ಚುಕಡಿಮೆ ಅದೇ ಲೆಕ್ಕ.

ನಮ್ಮ ಕಡೆಯವರು ನಿಜವಾಗಿ ಎಡವುವುದು ಬಟ್ಟೆಯ ಜಾತಿಯಲ್ಲಿ. ಮಲೆನಾಡಿನ ಮಳೆಗಾಲಕ್ಕೆ ಹತ್ತಿ ಬಟ್ಟೆ ಒಣಗುವುದೇ ಇಲ್ಲ, ವಾಸನೆ ಬೇರೆ ಬರುತ್ತದೆ, ಹಾಗಾಗಿ ಬೇಗ ಒಣಗುವ ಪಾಲಿಯೆಸ್ಟರ್, ಜಾರ್ಜೆಟ್ ಬಟ್ಟೆಗಳೇ ನಮ್ಮ ಬೀರುವಿನಲ್ಲಿ ತುಂಬಿರುತ್ತವೆ. ಅವನ್ನೇ ಗಲ್ಫ್‌ಗೆ ತಗೊಂಡು ಹೋದರೆ ಕಷ್ಟ. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಬೆವರಿಗೆ ಪಾಲಿಯೆಸ್ಟರ್ ಬೆನ್ನಿಗೆ ಅಂಟಿಕೊಂಡರೆ ಎಷ್ಟು ಸಡಿಲ ಹೊಲಿಸಿದ್ದರೂ ಬಿಗಿಯಾಗಿಯೇ ಕಾಣುತ್ತದೆ, ಉರಿ ಬೇರೆ. ಹತ್ತಿಯದ್ದು, ಖಾದಿಯದ್ದು ತಗೊಳ್ಳಿ. ತೊಳೆದು ಹಾಕಿದರೆ ಅಲ್ಲಿ ಬೇಗ ಒಣಗುತ್ತದೆ, ಜಾಸ್ತಿ ಜೊತೆ ಹೊರುವುದೂ ಬೇಡ.

ತೆಳು ಬಣ್ಣದ ಹತ್ತಿ ಟಾಪ್ ಆದರೆ ಲೈನಿಂಗ್ ಇದೆಯಾ ನೋಡಿ. ಮನೆಯೊಳಗೆ ಟ್ಯೂಬ್‌ಲೈಟ್ ಬೆಳಕಲ್ಲಿ ನೋಡಿದರೆ ಗೊತ್ತಾಗುವುದಿಲ್ಲ. ಬಿಸಿಲು ಬಂದ ದಿನ ಅದನ್ನು ಹಾಕಿಕೊಂಡು ಹೆಬ್ಬಾಗಿಲಲ್ಲಿ ಬೆಳಕಿಗೆ ಬೆನ್ನು ಮಾಡಿ ನಿಂತುಕೊಳ್ಳಿ, ಒಳಗಿನಿಂದ ಯಾರಾದರೂ ನೋಡಿ ಹೇಳಲಿ. ಕಾಲಿನ ಆಕಾರ ಕಾಣುತ್ತಿದ್ದರೆ ಲೈನಿಂಗ್ ಹಾಕಿಸಿ. ಆಮೇಲೆ ಪಕ್ಕದ ಸ್ಲಿಟ್. ಕೆಲವು ಟಾಪ್‌ಗಳ ಸ್ಲಿಟ್ ಸೊಂಟದವರೆಗೂ ಹೋಗಿರುತ್ತದೆ, ಕೂತಾಗ, ಗಾಳಿ ಬೀಸಿದಾಗ ಪೂರ್ತಿ ತೆರೆದುಕೊಳ್ಳುತ್ತದೆ. ಅಂಥದ್ದನ್ನು ನಾಲ್ಕು ಬೆರಳು ಕೆಳಗೆ ಹೊಲಿಸಿಬಿಟ್ಟರೆ ಆಯ್ತು. ಗಿಡ್ಡ ಟಾಪ್‌ಗೆ ಲೆಗಿಂಗ್ಸ್ ಬೇಡ, ಪಟಿಯಾಲ ಅಥವಾ ಪಲಾಝೊ ಹಾಕಿ.

ದುಪ್ಪಟ್ಟಾ ಒಂದಂತೂ ಮರೆಯಲೇಬೇಡಿ. ಬಿಸಿಲಿಗೆ ತಲೆ ಮೇಲೆ, ಮಸೀದಿಯಲ್ಲಿ ಕೂದಲು ಮುಚ್ಚಲು, ಮಾಲ್‌ಗಳ ಕೊರೆಯುವ ಏಸಿಯಲ್ಲಿ ಹೊದೆಯಲು, ಎಲ್ಲಕ್ಕೂ ಅದೇ. ಶಿಫಾನ್ ಚಂದ ಕಾಣುತ್ತದೆ, ಆದರೆ ತಲೆಯಿಂದ ಜಾರುತ್ತಲೇ ಇರುತ್ತದೆ. ಮಲ್ ಕಾಟನ್‌ದು ತಗೊಳ್ಳಿ. ಒಂದು ತುದಿ ಗಿಡ್ಡ, ಇನ್ನೊಂದು ಉದ್ದ ಬಿಟ್ಟು ತಲೆ ಮೇಲೆ ಹಾಕಿ, ಗಲ್ಲದ ಕೆಳಗೆ ಒಂದು ಪಿನ್ ಹಾಕಿ, ಉದ್ದದ ತುದಿಯನ್ನು ಕತ್ತಿಗೆ ಸುತ್ತಿ ಹಿಂದೆ ಬಿಡಿ. ಇದನ್ನು ಮನೆಯಲ್ಲೇ ಕನ್ನಡಿ ಮುಂದೆ ಮಾಡಿ ನೋಡಿ. ಪಕ್ಕದ ಮನೆಯಲ್ಲೋ ಆಫೀಸಿನಲ್ಲೋ ದಿನಾ ಸ್ಕಾರ್ಫ್ ಕಟ್ಟುವ ಗೆಳತಿ ಇದ್ದರೆ ಕೇಳಿ, ನಾವು ಒದ್ದಾಡುವುದನ್ನು ಅವರು ಒಂದೇ ನಿಮಿಷದಲ್ಲಿ ತೋರಿಸಿಕೊಡುತ್ತಾರೆ.

ಸೀರೆ ಬಿಟ್ಟು ಬೇರೆ ಹಾಕದ ಅಮ್ಮಂದಿರು ಹೆದರಬೇಕಿಲ್ಲ. ದುಬೈ, ಮಸ್ಕತ್ ಬೀದಿಗಳಿಗೆ ಸೀರೆ ಹೊಸದಲ್ಲ, ಅಷ್ಟೊಂದು ಭಾರತೀಯರು ಅಲ್ಲಿದ್ದಾರೆ. ಕುಂಕುಮ, ತಾಳಿ ತೆಗೆದಿಡುವ ಅಗತ್ಯವೂ ಇಲ್ಲ. ಮಸೀದಿ ನೋಡಲು ಹೋಗುವ ದಿನ ಮಾತ್ರ ಸೊಂಟ, ತೋಳು ಕಾಣುವುದು ನಡೆಯುವುದಿಲ್ಲ. ಸೊಂಟದವರೆಗೆ ಇಳಿಯುವ ತುಂಬು ತೋಳಿನ ಬ್ಲೌಸ್ ಒಂದನ್ನು ಹೊಲಿಸಿಕೊಳ್ಳಿ, ಸೆರಗನ್ನು ಎರಡೂ ಭುಜಕ್ಕೆ ಹೊದ್ದು ಪಿನ್ ಮಾಡಿ, ತಲೆಗೆ ಬೇರೆ ಶಾಲು ಇರಲಿ.

ಮಸೀದಿಯ ನಿಯಮ ಬೀದಿಗಿಂತ ಬಿಗಿ. ಅಬುಧಾಬಿಯ ಶೇಖ್ ಜಾಯೆದ್ ಮಸೀದಿಯಲ್ಲಿ ಕೂದಲು ಮುಚ್ಚಿರಬೇಕು, ತೋಳು ಮಣಿಕಟ್ಟಿನವರೆಗೆ, ಕೆಳಗೆ ಕಾಲಿನ ಗಂಟಿನವರೆಗೆ ಬರಬೇಕು. ಟಿಕೆಟ್ ಇಲ್ಲ, ಆದರೆ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿಕೊಂಡು ಹೋಗಿ. ಮಸ್ಕತ್‌ನ ಸುಲ್ತಾನ್ ಕಾಬೂಸ್ ಮಸೀದಿಯಲ್ಲೂ ಹೀಗೇ, ಅಲ್ಲಿ ಬೇರೆ ಧರ್ಮದವರಿಗೆ ಬೆಳಿಗ್ಗೆ ಹೊತ್ತು ಮಾತ್ರ ಪ್ರವೇಶ, ಶುಕ್ರವಾರ ಇಲ್ಲ. ಇಸ್ತಾಂಬುಲ್‌ನ ನೀಲಿ ಮಸೀದಿಯಲ್ಲಿ ತಲೆ ಮುಚ್ಚಲು ಬಟ್ಟೆ ಅಲ್ಲೇ ಕೊಡುತ್ತಾರೆ, ಆದರೂ ನಮ್ಮದೇ ಇದ್ದರೆ ಒಳ್ಳೆಯದು. ಚಪ್ಪಲಿ ಹೊರಗೆ ಬಿಡಬೇಕು, ಕಾಲ್ಚೀಲ ಇಟ್ಟುಕೊಳ್ಳಿ. ಬರ್ಮುಡಾ ಹಾಕಿ ಹೊರಟ ಗಂಡಂದಿರಿಗೂ ಹೇಳಿ, ಅವರಿಗೂ ನಿಯಮ ಇದೆ. ಅಬುಧಾಬಿಯಲ್ಲಿ 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಸ್ವಾಮಿನಾರಾಯಣ ದೇವಸ್ಥಾನಕ್ಕೂ ಮೈ ಮುಚ್ಚುವ ಬಟ್ಟೆಯಲ್ಲೇ ಹೋಗಬೇಕು, ಹಾಗಾಗಿ ಒಂದೇ ಚೂಡಿದಾರದಲ್ಲಿ ಎರಡನ್ನೂ ನೋಡಿ ಬರಬಹುದು.

ಮಾಲ್ಡೀವ್ಸ್ ಹೊಸ ಜೋಡಿಗಳಿಗೆ ಒಂದು ಮಾತು. ರೆಸಾರ್ಟ್ ದ್ವೀಪದಲ್ಲಿ ಸ್ವಿಮ್‌ಸೂಟ್ ಏನೂ ತೊಂದರೆ ಇಲ್ಲ. ದುಡ್ಡು ಉಳಿಯಲಿ ಅಂತ ಊರಿನವರು ವಾಸಿಸುವ ದ್ವೀಪದ ಗೆಸ್ಟ್‌ಹೌಸ್ ಬುಕ್ ಮಾಡಿದ್ದರೆ ಬಿಕಿನಿಗೆ ಅಂತಲೇ ಬಿಟ್ಟಿರುವ ಬೀಚ್ ಎಲ್ಲಿದೆ ಕೇಳಿಕೊಳ್ಳಿ, ಅದರಾಚೆ ಮೈ ಮುಚ್ಚಿಕೊಂಡೇ ಓಡಾಡಬೇಕು. ರಂಜಾನ್ ತಿಂಗಳಲ್ಲಿ ಹೋಗುವವರು ಎಲ್ಲೇ ಆಗಲಿ ಒಂದು ಕೈ ಜಾಸ್ತಿಯೇ ಸಡಿಲ, ಉದ್ದ ಬಟ್ಟೆ ಹಾಕಿ. ಚಳಿಗಾಲದ ಟರ್ಕಿಗೆ ನಮ್ಮ ಡಿಸೆಂಬರ್ ಸ್ವೆಟರ್ ಸಾಲುವುದಿಲ್ಲ, ಇಸ್ತಾಂಬುಲ್‌ನಲ್ಲಿ ಹಿಮ ಬೀಳುತ್ತದೆ, ದಪ್ಪ ಕೋಟ್ ಬೇಕು.

ಹೊಲಿಸುವುದು ಏನಾದರೂ ಇದ್ದರೆ ಒಂದೂವರೆ ತಿಂಗಳು ಮೊದಲೇ ಟೈಲರ್‌ಗೆ ಕೊಡಿ. ಮದುವೆ ಸೀಸನ್ ಶುರುವಾಯಿತೆಂದರೆ ಲೈನಿಂಗ್, ಸ್ಲಿಟ್‌ನಂಥ ಸಣ್ಣ ಕೆಲಸವನ್ನು ಯಾರೂ ಕೈಗೆ ತಗೊಳ್ಳುವುದಿಲ್ಲ. ಒಂದು ಜೊತೆ ಬಟ್ಟೆ, ದುಪ್ಪಟ್ಟಾ ವಿಮಾನದೊಳಗೆ ಒಯ್ಯುವ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸ್ ಒಂದು ದಿನ ತಡವಾಗಿ ಬಂದರೂ ನಿಮ್ಮ ತಿರುಗಾಟ ನಿಲ್ಲುವುದಿಲ್ಲ.