ಟಕೀಲಾ ಒಂದೇ ಅಲ್ಲ: ಮೆಕ್ಸಿಕೊದ ಅಗಾವೆ ಮದ್ಯಗಳನ್ನು ಗುರುತಿಸುವುದು ಹೇಗೆ?

ಟಕೀಲಾ ಅಂದ ಕೂಡಲೇ ಬಹಳ ಜನಕ್ಕೆ ನೆನಪಾಗುವುದು ಕೈಮೇಲಿನ ಉಪ್ಪು, ಒಂದೇ ಗುಟುಕು, ಆಮೇಲೆ ನಿಂಬೆ ಹೋಳು. ಆ ಗುಟುಕಿನ ಹಿಂದೆ ಆರರಿಂದ ಎಂಟು ವರ್ಷ ಹೊಲದಲ್ಲಿ ನಿಂತ ಅಗಾವೆ ಎಂಬ ಗಿಡವಿದೆ. ಅಗಾವೆಯ ಇನ್ನೊಂದು ಮದ್ಯ ಮೆಸ್ಕಾಲ್; ಕೆಲವು ಮೆಸ್ಕಾಲ್‌ಗಳ ಗಿಡಕ್ಕೆ ಇಪ್ಪತ್ತು ವರ್ಷ ದಾಟಿರುತ್ತದೆ. ವಿಸ್ಕಿಯ ವಯಸ್ಸನ್ನು ಪೀಪಾಯಿಯಲ್ಲಿ ಲೆಕ್ಕ ಹಾಕುತ್ತೇವೆ. ಅಗಾವೆ ಮದ್ಯದ ವಯಸ್ಸನ್ನು ಮಣ್ಣಿನಲ್ಲಿ ಲೆಕ್ಕ ಹಾಕಬೇಕು ಅನ್ನುವುದು ನನ್ನ ನಂಬಿಕೆ. ಹಾಗಾಗಿ ಬಾಟಲಿಯ ಬಣ್ಣ, ಅಂದ ನೋಡುವ ಮೊದಲು ಮೂರು ಪ್ರಶ್ನೆ ಕೇಳಿ: ಯಾವ ಗಿಡ? ಹೇಗೆ ಬೇಯಿಸಿದ್ದು? ಎಲ್ಲಿಯದು?

ಮೊದಲು ಗಿಡವನ್ನು ತಿಳಿಯಿರಿ

ನಮ್ಮ ಬಯಲುಸೀಮೆಯಲ್ಲಿ ಹೊಲದ ಬೇಲಿಗೆ ಹಾಕುವ ಕತ್ತಾಳೆ ಇದೆಯಲ್ಲ, ಅದೂ ಅಗಾವೆ ಕುಲದ್ದೇ. ಅದರ ಮೂಲ ಮೆಕ್ಸಿಕೊ ಕಡೆಯದು. ನಾವು ಅದರ ನಾರಿನಿಂದ ಹಗ್ಗ ಹೊಸೆದೆವು, ಅವರು ಅದರ ಬುಡದಿಂದ ಮದ್ಯ ಮಾಡಿದರು.

ಈ ಗಿಡ ಬದುಕಿನಲ್ಲಿ ಒಂದೇ ಸಲ ಹೂ ಬಿಡುತ್ತದೆ, ಆಮೇಲೆ ಸಾಯುತ್ತದೆ. ಹೂವಿಗಾಗಿ ವರ್ಷಗಟ್ಟಲೆ ಕೂಡಿಟ್ಟ ಸಿಹಿಯೆಲ್ಲ ಬುಡದ ತಿರುಳಿನಲ್ಲಿರುತ್ತದೆ. ಹೂದಂಟು ಮೇಲೇಳುವ ಹೊತ್ತಿಗೆ ಅದನ್ನು ಕಡಿದುಬಿಡುತ್ತಾರೆ. ಆಗ ಸಿಹಿ ಅಲ್ಲೇ ಉಳಿಯುತ್ತದೆ. ಎಲೆಗಳನ್ನೆಲ್ಲ ಸವರಿದ ಮೇಲೆ ಉಳಿಯುವ ಉಂಡೆಗೆ ಪಿನ್ಯಾ ಎನ್ನುತ್ತಾರೆ. ಟಕೀಲಾ ಸೀಮೆಯಲ್ಲಿ ಈ ಕೆಲಸ ಮಾಡುವವರು ಹಿಮಾದೋರ್‌ಗಳು. ಅವರ ಕೈಯಲ್ಲಿರುವುದು ಉದ್ದ ಹಿಡಿಯ, ದುಂಡು ಅಲಗಿನ ಕೋವಾ. ಬಿಸಿಲಿನಲ್ಲಿ ದಿನವಿಡೀ ನಿಂತು ಮಾಡುವ, ಕೈಗೂ ಕಣ್ಣಿಗೂ ನುರಿತ ಲೆಕ್ಕ ಬೇಕಾದ ಕೆಲಸ ಅದು.

ಹೆಸರುಗಳ ನಂಟು

ಅಗಾವೆಯನ್ನು ಬೇಯಿಸಿ ಬಟ್ಟಿ ಇಳಿಸಿದ್ದಕ್ಕೆಲ್ಲ ಹಿಂದೆ ಮೆಸ್ಕಾಲ್ ಅಂತಲೇ ಕರೆಯುತ್ತಿದ್ದರು. ಹಲಿಸ್ಕೊ ರಾಜ್ಯದ ಟಕೀಲಾ ಊರಿನ ಸುತ್ತ ಮಾಡಿದ ಮೆಸ್ಕಾಲ್ ಹೆಸರುವಾಸಿಯಾಯಿತು, ಊರಿನ ಹೆಸರೇ ಅದಕ್ಕೆ ನಿಂತಿತು. ಈಗ ಈ ಹೆಸರುಗಳಿಗೆ ಕಾನೂನಿನ ಕಾವಲಿದೆ, ನಮ್ಮ ಜಿಐ ಟ್ಯಾಗ್ ಇದ್ದ ಹಾಗೆ. ಟಕೀಲಾಕ್ಕೆ ಅದು 1974ರಲ್ಲಿ ಸಿಕ್ಕಿತು, ಮೆಸ್ಕಾಲ್‌ಗೆ 1994ರಲ್ಲಿ. ಭಾರತದಲ್ಲೂ ದಖನ್ ಸೀಮೆಯ ಅಗಾವೆಯಿಂದ ಮದ್ಯ ಮಾಡಿ ಮಾರುತ್ತಾರೆ. ಅದನ್ನು ಟಕೀಲಾ ಅನ್ನುವಂತಿಲ್ಲ. ಅಗಾವೆ ಸ್ಪಿರಿಟ್ ಅಂತಲೇ ಬರೆಯಬೇಕು.

ಟಕೀಲಾ ಲೇಬಲ್ ಓದುವ ಬಗೆ

ಟಕೀಲಾವನ್ನು ನೀಲಿ ಅಗಾವೆ ಎಂಬ ಒಂದೇ ತಳಿಯಿಂದ ಮಾಡಬೇಕು. ಇಡೀ ಹಲಿಸ್ಕೊ, ಜೊತೆಗೆ ಗ್ವಾನಾಹ್ವಾತೊ, ಮಿಚೋಆಕಾನ್, ನಯರಿತ್, ತಮೌಲಿಪಾಸ್ ರಾಜ್ಯಗಳ ಕೆಲವು ಭಾಗಗಳಲ್ಲಿ ಮಾತ್ರ ಮಾಡಬೇಕು.

ಮೊದಲು ಹುಡುಕಬೇಕಾದದ್ದು ‘100% ಅಗಾವೆ’ ಎಂಬ ಮಾತು. ಅದಿಲ್ಲ ಅಂದರೆ ಹುದುಗಿಸಿದ ಸಕ್ಕರೆಯಲ್ಲಿ ಶೇ 49ರವರೆಗೆ ಬೇರೆ ಮೂಲದ್ದು, ಉದಾಹರಣೆಗೆ ಕಬ್ಬಿನದು, ಇರಬಹುದು. ಜನ ಇದಕ್ಕೆ ಮಿಕ್ಸ್ತೊ ಅನ್ನುತ್ತಾರೆ. ಲೇಬಲ್ ಮೇಲೆ ಆ ಪದ ಇರುವುದಿಲ್ಲ, ಬರೀ ‘ಟಕೀಲಾ’ ಅಂತಿರುತ್ತದೆ.

ಆಮೇಲೆ ವಯಸ್ಸು. ಬ್ಲಾಂಕೊ ಅಂದರೆ ಪೀಪಾಯಿಯಲ್ಲಿ ಇಡದ ಅಥವಾ ಎರಡು ತಿಂಗಳೊಳಗೆ ತೆಗೆದ, ಬಣ್ಣವಿಲ್ಲದ ಟಕೀಲಾ. ರೆಪೊಸಾದೊ ಕನಿಷ್ಠ ಎರಡು ತಿಂಗಳು ಓಕ್‌ನಲ್ಲಿ ಕೂತದ್ದು. ಆನ್ಯೆಹೊ ಒಂದು ವರ್ಷ ದಾಟಿದ್ದು, ಎಕ್ಸ್ಟ್ರಾ ಆನ್ಯೆಹೊ ಮೂರು ವರ್ಷ ದಾಟಿದ್ದು. ‘ಗೋಲ್ಡ್’ ಎಂಬ ಹೆಸರಿಗೆ ಮಾರುಹೋಗಬೇಡಿ. ಆ ಹೊಂಬಣ್ಣ ಕ್ಯಾರಮೆಲ್‌ನಿಂದ ಬಂದಿರಬಹುದು. ಕ್ರಿಸ್ತಲಿನೊ ಅಂದರೆ ಪೀಪಾಯಿಯಲ್ಲಿ ಇಟ್ಟು ಬಣ್ಣ ಬಂದದ್ದನ್ನು ಸೋಸಿ, ಮತ್ತೆ ತಿಳಿ ಮಾಡಿದ್ದು. ನನ್ನ ಮಟ್ಟಿಗೆ ಅದು ಬೇಡದ ಶ್ರಮ.

ಲೇಬಲ್‌ನಲ್ಲಿ ‘ಎನ್‌ಒಎಂ’ ಅಕ್ಷರಗಳ ಜೊತೆ ನಾಲ್ಕು ಅಂಕಿ ಇರುತ್ತದೆ. ಅದು ಕಾರ್ಖಾನೆಯ ಗುರುತು. ಒಂದೇ ಕಾರ್ಖಾನೆಯಿಂದ ಹಲವು ಬ್ರ್ಯಾಂಡ್ ಹೊರಡುವುದುಂಟು. ಅಂಕಿ ನೋಡಿದರೆ ಯಾವುದು ಯಾವುದರ ಒಡಹುಟ್ಟು ಅಂತ ಗೊತ್ತಾಗುತ್ತದೆ.

ಮೊದಲು ಬ್ಲಾಂಕೊವನ್ನೇ ಕೊಳ್ಳಿ. ಮರದ ವಾಸನೆ ಅಡ್ಡ ಬಾರದೆ ಗಿಡದ ರುಚಿ ನೇರ ಸಿಗುವುದು ಅದರಲ್ಲೇ.

ಮೆಸ್ಕಾಲ್: ಗುಂಡಿಯ ಬೆಂಕಿ

ಟಕೀಲಾಕ್ಕೆ ಪಿನ್ಯಾಗಳನ್ನು ಇಟ್ಟಿಗೆ ಒಲೆಯಲ್ಲೋ ದೊಡ್ಡ ಉಕ್ಕಿನ ಕುಕ್ಕರ್‌ಗಳಲ್ಲೋ ಆವಿಯಲ್ಲಿ ಬೇಯಿಸುವುದೇ ಸಾಮಾನ್ಯ. ಹಾಗಾಗಿ ಹೊಗೆಯ ವಾಸನೆ ಇರುವುದಿಲ್ಲ. ಹಳ್ಳಿಯ ಮೆಸ್ಕಾಲ್‌ನ ದಾರಿಯೇ ಬೇರೆ.

ಮೆಸ್ಕಾಲ್ ಅತಿ ಹೆಚ್ಚು ತಯಾರಾಗುವುದು ವಹಾಕಾ ರಾಜ್ಯದಲ್ಲಿ. ಅಲ್ಲಿನ ಸಣ್ಣ ಭಟ್ಟಿಮನೆಗೆ ಪಾಲೆಂಕೆ ಎಂದು ಹೆಸರು. ನೆಲದಲ್ಲಿ ದೊಡ್ಡ ಗುಂಡಿ ತೋಡಿ, ಕಟ್ಟಿಗೆ ಉರಿಸಿ, ಮೇಲೆ ಕಲ್ಲು ಪೇರಿಸುತ್ತಾರೆ. ಕಲ್ಲು ಚೆನ್ನಾಗಿ ಕಾದ ಮೇಲೆ ಒದ್ದೆ ನಾರು ಹರಡಿ, ಅದರ ಮೇಲೆ ಪಿನ್ಯಾಗಳನ್ನು ಗುಡ್ಡೆ ಹಾಕಿ, ಚಾಪೆ ಮತ್ತು ಮಣ್ಣು ಮುಚ್ಚುತ್ತಾರೆ. ಕೆಲವು ದಿನ ಅದು ಹಾಗೇ ಬೇಯುತ್ತದೆ. ತೆಗೆದಾಗ ತಿರುಳು ಕಂದು ಬಣ್ಣಕ್ಕೆ ತಿರುಗಿ, ಕೆಂಡದಲ್ಲಿ ಸುಟ್ಟ ಗೆಣಸಿನ ಹಾಗೆ ಘಮಘಮ ಎನ್ನುತ್ತದೆ. ಆಮೇಲೆ ಕುದುರೆ ಎಳೆಯುವ ಕಲ್ಲಿನ ಚಕ್ರದಡಿ ಅದನ್ನು ಜಜ್ಜುತ್ತಾರೆ. ನಾರಿನ ಸಮೇತ ಮರದ ತೊಟ್ಟಿಗೆ ಹಾಕಿ ನೀರು ಬೆರೆಸುತ್ತಾರೆ. ಹೊರಗಿನಿಂದ ಯೀಸ್ಟ್ ಹಾಕುವ ಪದ್ಧತಿ ಹಳಬರಲ್ಲಿ ಇಲ್ಲ. ಗಾಳಿಯಲ್ಲಿ, ತೊಟ್ಟಿಯಲ್ಲಿ ಇರುವುದೇ ಸಾಕು. ಹುದುಗು ಬಂದ ಮೇಲೆ ಸಾಮಾನ್ಯವಾಗಿ ಎರಡು ಸಲ ಬಟ್ಟಿ ಇಳಿಸುತ್ತಾರೆ.

ಮದ್ಯದ ಹದ ನೋಡುವ ಬಗೆ ನನಗೆ ಬಹಳ ಇಷ್ಟ. ಬಿದಿರಿನಂಥ ಕೊಳವೆಯಲ್ಲಿ ಸ್ವಲ್ಪ ಹೀರಿ, ಬಟ್ಟಲಿಗೆ ಮೇಲಿನಿಂದ ಸುರಿಯುತ್ತಾರೆ. ಏಳುವ ಗುಳ್ಳೆಗಳಿಗೆ ಮುತ್ತು ಎಂದೇ ಹೆಸರು. ಆ ಮುತ್ತುಗಳ ಗಾತ್ರ, ಅವು ನಿಲ್ಲುವ ಹೊತ್ತು ನೋಡಿಯೇ ನುರಿತವರು ಕಡುಪು, ಅಂದರೆ ಮದ್ಯಸಾರದ ಪ್ರಮಾಣ, ಎಷ್ಟಿದೆ ಅಂತ ಹೇಳುತ್ತಾರೆ.

ಲೇಬಲ್‌ನಲ್ಲಿ ಮೂರು ದರ್ಜೆಗಳಿರುತ್ತವೆ. ‘ಮೆಸ್ಕಾಲ್’ ಅಂತಷ್ಟೇ ಇದ್ದರೆ ಯಂತ್ರಗಳನ್ನು ಧಾರಾಳವಾಗಿ ಬಳಸಿರಬಹುದು. ‘ಆರ್ತೆಸನಾಲ್’ ಅಂದರೆ ಗುಂಡಿ ಅಥವಾ ಕಲ್ಲು-ಇಟ್ಟಿಗೆಯ ಒಲೆ, ನೇರ ಬೆಂಕಿಯ ಮೇಲಿನ ತಾಮ್ರದ ಅಥವಾ ಮಣ್ಣಿನ ಭಟ್ಟಿ. ‘ಆನ್ಸೆಸ್ತ್ರಾಲ್’ ಅತಿ ಕಟ್ಟುನಿಟ್ಟಿನದು: ಗುಂಡಿಯ ಬೆಂಕಿ, ಮಣ್ಣಿನ ಮಡಕೆಯ ಭಟ್ಟಿ. ಮೆಸ್ಕಾಲ್ ಯಾವ ದರ್ಜೆಯದೇ ಆಗಿರಲಿ, ಪೂರ್ತಿ ಅಗಾವೆಯದೇ ಆಗಿರಬೇಕು.

ಇನ್ನು ಗಿಡದ ಹೆಸರು. ಹೆಚ್ಚಾಗಿ ಸಿಗುವುದು ಎಸ್ಪಾದಿನ್. ಅದು ಹೊಲದಲ್ಲಿ ಬೆಳೆಸಲು ಒಗ್ಗುವ ತಳಿ. ತೋಬಲಾ ಚಿಕ್ಕದು, ಬೆಟ್ಟದ ನೆರಳಿನಲ್ಲಿ ಬೆಳೆಯುವಂಥದು. ತೆಪೆಸ್ತಾತೆ ಕಲ್ಲುಬಂಡೆಗೆ ಅಂಟಿಕೊಂಡು ಬೆಳೆದು, ಬಲಿಯಲು 25 ವರ್ಷದವರೆಗೂ ತೆಗೆದುಕೊಳ್ಳುತ್ತದೆ.

ಸಸ್ಯಾಹಾರಿಗಳು ಒಂದು ಮಾತು ಗಮನಿಸಿ. ‘ಪೆಚೂಗಾ’ ಅಂತಿದ್ದರೆ ಕೊನೆಯ ಸಲ ಬಟ್ಟಿ ಇಳಿಸುವಾಗ ಹಣ್ಣು, ಮಸಾಲೆಗಳ ಜೊತೆ ಕೋಳಿ ಅಥವಾ ಟರ್ಕಿಯ ಎದೆಮಾಂಸವನ್ನು ಭಟ್ಟಿಯೊಳಗೆ ತೂಗುಹಾಕಿರುತ್ತಾರೆ. ಹಬ್ಬ, ಮದುವೆಗಳಿಗೆ ಮಾಡುವ ವಿಶೇಷ ಮೆಸ್ಕಾಲ್ ಅದು. ‘ಗುಸಾನೊ’ ಅಂತಿದ್ದರೆ ಬಾಟಲಿಯಲ್ಲಿ ಹುಳು ಇರುತ್ತದೆ. ಅದು ಕೆಲವು ಮೆಸ್ಕಾಲ್‌ಗಳಲ್ಲಿ ಮಾತ್ರ, ಟಕೀಲಾದಲ್ಲಿ ಅಲ್ಲ.

ಉಳಿದ ಬಂಧುಗಳು

ರೈಸಿಯಾ ಹಲಿಸ್ಕೊದ ಬೆಟ್ಟ ಮತ್ತು ಕರಾವಳಿಯದು. ಕಾನೂನಿನ ಮಾನ್ಯತೆ ಸಿಕ್ಕಿದ್ದು 2019ರಲ್ಲಿ. ಹಣ್ಣಿನ, ಸ್ವಲ್ಪ ಹುಳಿಯ ವಾಸನೆ ಇದರಲ್ಲಿ ಜಾಸ್ತಿ.

ಬಕಾನೊರಾ ಉತ್ತರದ ಸೊನೊರಾ ರಾಜ್ಯದ್ದು. 1915ರಲ್ಲಿ ಅಲ್ಲಿನ ಗವರ್ನರ್ ಪ್ಲುತಾರ್ಕೊ ಎಲಿಯಾಸ್ ಕಾಯೆಸ್ ಇದನ್ನು ನಿಷೇಧಿಸಿದರು. 1992ರವರೆಗೂ ಜನ ಬೆಟ್ಟದ ಮರೆಯಲ್ಲಿ ಕದ್ದುಮುಚ್ಚಿ ಮಾಡಿದರು. ಮುಕ್ಕಾಲು ಶತಮಾನ ಕಳೆದರೂ ಕೈಗುಣ ಮರೆಯಲಿಲ್ಲ. ಅದಕ್ಕಾಗಿ ಆ ಮನೆತನಗಳ ಬಗ್ಗೆ ನನಗೆ ತುಂಬ ಗೌರವ.

ಸೊತೋಲ್ ಅನ್ನು ಇದೇ ಸಾಲಿನಲ್ಲಿ ಇಟ್ಟು ಮಾರುತ್ತಾರೆ. ಆದರೆ ಅದು ಅಗಾವೆಯಲ್ಲ, ದಾಸಿಲಿರಿಯನ್ ಎಂಬ ಬೇರೆ ಗಿಡ. ಊರು ಚಿವಾವಾ, ಕೊಆವಿಲಾ, ದುರಾಂಗೊ. ಪುಲ್ಕೆ ಅಗಾವೆಯದೇ, ಆದರೆ ಬಟ್ಟಿ ಇಳಿಸಿದ್ದಲ್ಲ, ರಸ ಹುದುಗಿಸಿದ್ದಷ್ಟೇ.

ಕೆಲವು ಬಾಟಲಿಗಳ ಮೇಲೆ ‘ದೆಸ್ತಿಲಾದೊ ದೆ ಅಗಾವೆ’ ಅಂತ ಮಾತ್ರ ಇರುತ್ತದೆ. ಕೀಳು ಮಾಲು ಅಂತ ತಿಳಿಯಬೇಡಿ. ಕಾನೂನು ಗೊತ್ತುಮಾಡಿದ ಸೀಮೆಯ ಆಚೆ ಮಾಡಿದ್ದರಿಂದಲೋ, ಪ್ರಮಾಣಪತ್ರದ ಖರ್ಚು ಬೇಡ ಅಂತಲೋ ಒಳ್ಳೆಯ ತಯಾರಕರೂ ಹೀಗೆ ಬರೆಯುತ್ತಾರೆ.

ರುಚಿ ನೋಡುವಾಗ

ಫ್ರಿಜ್ ಬೇಡ, ಉಪ್ಪೂ ಬೇಡ. ಬಾಯಗಲದ ಚಿಕ್ಕ ಬಟ್ಟಲಿರಲಿ. ಕಡುಪು 35ರಿಂದ 55% ವರೆಗೆ ಇರಬಹುದು. ನಮ್ಮಲ್ಲಿ ಸಿಗುವ ವಿಸ್ಕಿ ಸಾಮಾನ್ಯವಾಗಿ 42.8%, ಅಲ್ವಾ? ಹಾಗಾಗಿ ಅಳತೆ ಕಡಿಮೆಯಿರಲಿ. ಮೊದಲ ತೊಟ್ಟು ನಾಲಿಗೆ ಒಗ್ಗಿಸಿಕೊಳ್ಳಲು, ರುಚಿ ಸಿಗುವುದು ಎರಡನೆಯದರಲ್ಲಿ. ಬ್ಲಾಂಕೊ ಟಕೀಲಾ ಒಂದು, ಎಸ್ಪಾದಿನ್‌ನ ಆರ್ತೆಸನಾಲ್ ಮೆಸ್ಕಾಲ್ ಒಂದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆವಿಯಲ್ಲಿ ಬೆಂದದ್ದಕ್ಕೂ ಕೆಂಡದಲ್ಲಿ ಬೆಂದದ್ದಕ್ಕೂ ಇರುವ ವ್ಯತ್ಯಾಸ ಒಂದೇ ಸಂಜೆಗೆ ತಿಳಿಯುತ್ತದೆ.

ತೆಪೆಸ್ತಾತೆಯಂಥ ಕಾಡು ಅಗಾವೆಯ ಬಾಟಲಿ ಕೊಳ್ಳುವ ಮುನ್ನ ಸ್ವಲ್ಪ ನಿಲ್ಲಿ. ಹೂ ಬಿಡುವ ಮೊದಲೇ ಕಡಿದ ಗಿಡ ಬೀಜ ಬಿಡುವುದಿಲ್ಲ. ಅದರ ಹೂವಿನ ಮಕರಂದ ನಂಬಿದ ಬಾವಲಿಗಳಿಗೂ ಮೇವಿಲ್ಲ. ನೀಲಿ ಅಗಾವೆಯನ್ನಂತೂ ತಾಯಿಗಿಡದ ಮರಿಗಳಿಂದಲೇ ಬೆಳೆಸುತ್ತಾ ಬಂದಿದ್ದಾರೆ. ಎಲ್ಲ ಗಿಡವೂ ಒಂದೇ ಅಚ್ಚಿನವು, ರೋಗ ಬಂದರೆ ಸಾಲುಸಾಲಾಗಿ ಹೋಗುತ್ತವೆ. ಹೊಲದಲ್ಲಿ ಒಂದಿಷ್ಟು ಗಿಡಗಳನ್ನು ಹೂ ಬಿಡಲು ಬಿಡುವ, ಕಾಡಿನದನ್ನು ಬೀಜದಿಂದ ಮತ್ತೆ ನೆಡುವ ತಯಾರಕರಿದ್ದಾರೆ. ಅವರಲ್ಲಿ ಹಲವರು ಆ ವಿಷಯವನ್ನು ಬಾಟಲಿಯ ಮೇಲೆಯೇ ಬರೆಯುತ್ತಾರೆ. ಬೆಲೆ ಸ್ವಲ್ಪ ಜಾಸ್ತಿಯಾದರೂ ಅಂಥದ್ದನ್ನೇ ಆರಿಸಿ.